ಊರು ಗೇಲಿ ಮಾಡದ ಅಳಿಯ

ಕೆಟ್ಟ ಸುದ್ದಿ ಹೇಳಲು ಹೋಗುವಾಗ ಸ್ಟೈನಾರ್ ಬರಿಗೈಯಲ್ಲಿ ಹೋಗುವವನಲ್ಲ. ಆ ಮಧ್ಯಾಹ್ನ ಯೋದಿಸ್ ಮನೆ ಬಾಗಿಲಿಗೆ ಬಂದಾಗ ಅವನ ಎರಡೂ ಕಂಕುಳಲ್ಲಿ ಟಾಯ್ಲೆಟ್ ಪೇಪರಿನ ದೊಡ್ಡ ಕಟ್ಟುಗಳಿದ್ದವು. ಐಸ್‌ಲ್ಯಾಂಡಿನ ನಮ್ಮೂರ ಬ್ಯಾಸ್ಕೆಟ್‌ಬಾಲ್ ತಂಡ ಉಸಿರಾಡುತ್ತಿರುವುದೇ ಟಾಯ್ಲೆಟ್ ಪೇಪರಿನ ದಯೆಯಿಂದ. ತಂಡದವರು ಅದನ್ನು ಸಗಟಿನಲ್ಲಿ ತರಿಸಿ ಮನೆಮನೆಗೆ ಮಾರುತ್ತಾರೆ, ನಾವು ಬೇಕಿದ್ದರೂ ಬೇಡದಿದ್ದರೂ ಕೊಳ್ಳುತ್ತೇವೆ. ಆ ದುಡ್ಡಿನಲ್ಲಿ ಹುಡುಗರಿಗೆ ಬೂಟು ಬರುತ್ತದೆ, ಬಸ್ಸು ಬರುತ್ತದೆ, ಅಮೆರಿಕದಿಂದ ಒಬ್ಬ ಆಟಗಾರನೂ ಬರುತ್ತಾನೆ. ಸ್ಟೈನಾರ್ ತಂಡದ ಅಧ್ಯಕ್ಷ. ಉಳಿದ ಹೊತ್ತಿನಲ್ಲಿ ಬಂದರಿನಲ್ಲಿ ಮೀನು ತೂಗುವವನು.

ಯೋದಿಸ್ ನನ್ನ ದೊಡ್ಡಮ್ಮನ ಮಗಳು. ಅವಳ ಅಡುಗೆಮನೆಗೂ ನನ್ನ ಅಡುಗೆಮನೆಗೂ ನಡುವೆ ಒಂದೇ ಹಲಗೆಗೋಡೆ. ಆ ಮನೆಯ ಮಾತು ಕೇಳಿಸಿಕೊಳ್ಳಲು ನಾನು ಕಷ್ಟಪಡಬೇಕಿಲ್ಲ, ಕೇಳಿಸಿಕೊಳ್ಳದೆ ಇರಲು ಕಷ್ಟಪಡಬೇಕು. ಆವತ್ತಂತೂ ನಾನು ಅವರ ಮೇಜಿಗೇ ಕೂತಿದ್ದೆ. ಮೀನು, ಆಲೂಗೆಡ್ಡೆ ಕಲಸಿ ಬೇಯಿಸಿದ ಮುದ್ದೆ, ಕಪ್ಪು ಬ್ರೆಡ್ಡು, ಬೆಣ್ಣೆ. ಯೋದಿಸ್‌ಳ ಮಗಳು ಹುಗ್ರೂನ್ ವೃದ್ಧಾಶ್ರಮದ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಅವಳ ಗಂಡ, ತಂಡದ ಅಮೆರಿಕನ್ ಆಟಗಾರ ವೆಂಡೆಲ್, ಮಂಡಿಗೆ ಐಸಿನ ಚೀಲ ಕಟ್ಟಿಕೊಂಡು, ಉದ್ದ ಕಾಲುಗಳನ್ನು ಮೇಜಿನ ಆಚೆ ಬದಿಯವರೆಗೂ ಚಾಚಿ ಕೂತಿದ್ದ. ಆ ಕಾಲುಗಳ ಮೇಲೆ ಪಾದವಿಟ್ಟು ಹತ್ತು ವರ್ಷದ ಮಗಳು ಬಿರ್ತಾ ಊಟ ಮಾಡುತ್ತಿದ್ದಳು.

"ಊಟ ಆಯ್ತಾ ಸ್ಟೈನಾರ್?" ಎಂದಳು ಯೋದಿಸ್.

"ಮಾಡ್ಕೊಂಡೇ ಬಂದೆ."

"ಹಾಗಾದ್ರೆ ಕೂತ್ಕೊಂಡು ಇನ್ನೊಂದ್ಸಲ ಮಾಡು."

ಅವನು ತಟ್ಟೆ ತುಂಬ ತಿಂದ. ಕಾಫಿ ಕುಡಿದ. ಹಿಮದ ಬಗ್ಗೆ ಮಾತಾಡಿದ. ಆಮೇಲೆ ಬಟ್ಟಲಿನ ತಳ ನೋಡುತ್ತ ಹೇಳಿದ. "ನಿನ್ನೆ ಎಲ್ಲ ಕೂತು ಮಾತಾಡಿದ್ವಿ ವೆಂಡೆಲ್. ಏಪ್ರಿಲ್‌ವರೆಗೂ ನೀನೇ, ಅದ್ರಲ್ಲಿ ಎರಡು ಮಾತಿಲ್ಲ. ಮುಂದಿನ ಸಲಕ್ಕೆ ಒಬ್ಬ ಹುಡುಗ ಸಿಕ್ಕಿದಾನೆ. ಈಗಷ್ಟೇ ಕಾಲೇಜ್ ಮುಗಿಸಿದಾನಂತೆ."

"ಮಂಡಿ ಚೆನ್ನಾಗಿದೆಯಾ ಅವಂದು?" ಎಂದ ವೆಂಡೆಲ್.

"ಎರಡೂ ಇದಾವಂತೆ."

ವೆಂಡೆಲ್ ನಕ್ಕ. ಹುಗ್ರೂನ್ ನಗಲಿಲ್ಲ. ಸ್ಟೈನಾರ್ ಅವಸರವಾಗಿ, ಮಕ್ಕಳ ತರಬೇತಿ ಅವನ ಕೈಯಲ್ಲೇ ಇರುತ್ತದೆಂದೂ, ಬೇಸಿಗೆ ಕಳೆದರೆ ಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರ ಕೆಲಸ ಖಾಲಿಯಾಗುತ್ತದೆಂದೂ ಹೇಳಿದ. ಯೋದಿಸ್ ಬಾಗಿಲ ಬಳಿ ಇದ್ದ ಕಟ್ಟುಗಳ ಕಡೆ ನೋಡಿದಳು.

"ಇದಕ್ಕೆಷ್ಟು ಕೊಡ್ಬೇಕು?"

"ಛೆ, ಇದು ದುಡ್ಡಿಗಲ್ಲ. ಸುಮ್ನೆ ತಂದೆ."

"ಓಹೋ. ಹನ್ನೊಂದು ವರ್ಷ ಬಿದ್ದು ಎದ್ದು ಆಡಿದ್ದಕ್ಕೆ ಸನ್ಮಾನ! ಒಳ್ಳೇ ಕೆಲಸಕ್ಕೆ ಬರುತ್ತೆ, ಇಟ್ಟು ಹೋಗು."

ಸ್ಟೈನಾರ್ ಕಿವಿ ಕೆಂಪು ಮಾಡಿಕೊಂಡು ಎದ್ದು ಹೋದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ವೆಂಡೆಲ್ ಓಡುವುದನ್ನು ನಾವೆಲ್ಲ ನೋಡಿದ್ದೆವು.

ಓಹಾಯೋದ ಟೊಲೀಡೊ ಊರಿನಿಂದ ಹೊರಟವನು ಅವನು. ತನ್ನ ದೇಶದ ದೊಡ್ಡ ತಂಡಗಳು ಕರೆಯಲಿಲ್ಲ, ಹಾಗಾಗಿ ಲಕ್ಸೆಂಬರ್ಗ್, ಹಂಗೇರಿ, ಉರುಗ್ವೆ ಎಂದು ಒಂದೊಂದು ವರ್ಷ ಒಂದೊಂದು ಕಡೆ ಆಡಿದ. ಒಂದು ಊರಿನಲ್ಲಿ ಮೂರು ತಿಂಗಳು ಸಂಬಳವೇ ಬರಲಿಲ್ಲವಂತೆ. ಇನ್ನೊಂದು ಊರಿನಲ್ಲಿ ಅಭ್ಯಾಸ ಮುಗಿಸಿ ಬರುವಷ್ಟರಲ್ಲಿ ಮನೆಯ ಬೀಗ ಬದಲಾಗಿತ್ತಂತೆ, ಅವನ ಚಪ್ಪಲಿಗಳನ್ನು ಆಚೆ ಸಾಲಾಗಿ ಇಟ್ಟಿದ್ದರಂತೆ. ಹಾಗೆ ಸುತ್ತಿ ಸುತ್ತಿ ಐಸ್‌ಲ್ಯಾಂಡಿನ ಈ ಮೂಲೆಗೆ ಒಂದು ಚಳಿಗಾಲಕ್ಕೆಂದು ಬಂದವನು ಯೋದಿಸ್ ಮನೆಯ ಮೇಲಿನ ಕೋಣೆಗೆ ಬಾಡಿಗೆಗಿದ್ದ. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೇಗೆ ಬಂದ ಎನ್ನುವುದನ್ನು ಹುಗ್ರೂನ್‌ಳನ್ನು ಕೇಳಬೇಕು. ತಂಡದ ಜೊತೆಗಿನ ಕರಾರು ಮಾತ್ರ ಇಂದಿಗೂ ವರ್ಷ ವರ್ಷದ್ದೇ.

ಮುಂದಿನ ವಾರ ತಂಡದ ಜೆರ್ಸಿ ಒಗೆಯುವ ಸರದಿ ಅವರ ಮನೆಯದಾಗಿತ್ತು. ಅಡುಗೆಮನೆ ತುಂಬ ಹಗ್ಗ ಕಟ್ಟಿ ಒಣಹಾಕಿದ್ದರು. ಅದರಡಿ ತಲೆ ತಗ್ಗಿಸಿಕೊಂಡು ವೆಂಡೆಲ್ ಹೇಳಿದ, ಏಜೆಂಟ್ ಲೈಲ್ ಫೋನ್ ಮಾಡಿದ್ದಾನೆ, ಸೈಪ್ರಸ್ಸಿನ ಒಂದು ತಂಡಕ್ಕೆ ಅವನು ಬೇಕಂತೆ, ಎರಡು ವರ್ಷದ ಕರಾರು, ಫೆಬ್ರವರಿ ಮುಗಿಯುವುದರೊಳಗೆ ಉತ್ತರ ಕೊಡಬೇಕು ಎಂದು.

"ಸೈಪ್ರಸ್‌ನಲ್ಲಿ ಹಿಮ ಬೀಳುತ್ತಾ ಅಪ್ಪ?" ಎಂದಳು ಬಿರ್ತಾ.

"ಇಲ್ಲ ಪುಟ್ಟಿ. ಅಲ್ಲಿ ನಿಂಬೆಹಣ್ಣು ಬೀಳುತ್ತೆ."

"ಅವಳ ಹತ್ರ ಯಾಕೆ ಮಾತು? ನನ್ನ ಹತ್ರ ಮಾತಾಡು," ಎಂದಳು ಹುಗ್ರೂನ್. "ಎರಡು ವರ್ಷ ಆದ್ಮೇಲೆ?"

"ಆಮೇಲೆ ನೋಡೋಣ."

"ನಿನ್ನ ಆಮೇಲೆ ನೋಡೋಣ ಕೇಳಿ ಕೇಳಿ ನಂಗೆ ಸಾಕಾಗಿದೆ. ಇಲ್ಲಿ ಆಶ್ರಮದಲ್ಲಿರೋ ಮುದುಕರನ್ನ ಯಾರು ನೋಡ್ಕೋತಾರೆ? ಅಮ್ಮನ್ನ ಯಾರು ನೋಡ್ಕೋತಾರೆ?"

"ನನ್ನನ್ನ ಮುದುಕರ ಜೊತೆ ಸೇರಿಸ್ಬೇಡ," ಎಂದಳು ಯೋದಿಸ್, ಕಾಲುಚೀಲ ಜೋಡಿ ಮಾಡುತ್ತ.

"ಸ್ಕೂಲಲ್ಲಿ ಕೆಲಸ ಇದೆ. ಮಕ್ಕಳು ನಿನ್ನ ಬಿಟ್ಟಿರಲ್ಲ. ಇಲ್ಲೇ ಇರೋಕೆ ನಿಂಗೇನು ಕಷ್ಟ?"

ವೆಂಡೆಲ್ ನಮ್ಮ ಭಾಷೆಯನ್ನು ಬಂದರಿನ ಹುಡುಗರಿಂದ ಕಲಿತವನು. ಬೈಗುಳ ಸರಾಗ, ಉಳಿದದ್ದು ತಡೆತಡೆದು. ಆವತ್ತು ಒಂದೂ ಬೈಗುಳವಿಲ್ಲದೆ ಮಾತಾಡಿದ. "ಇಲ್ಲಿ ನಾನ್ಯಾರು ಹುಗ್ರೂನ್? ಕೈಲಿ ಬಾಲ್ ಇರೋವರೆಗೂ ತಂಡದ ಅಮೆರಿಕನ್. ಸೆಪ್ಟೆಂಬರ್‌ನಲ್ಲಿ ಆ ಹುಡುಗ ಬರ್ತಾನೆ, ಆಮೇಲೆ ಅಮೆರಿಕನ್ ಅಂದ್ರೆ ಅವನು. ಆಗ ನಾನ್ಯಾರು?"

"ನನ್ನ ಗಂಡ. ಇವಳಪ್ಪ."

"ಅದು ಮನೇಲಿ. ಊರಲ್ಲಿ? ಥೋರಿ ಔತಣದಲ್ಲಿ ನೀವು ಯಾರನ್ನ ಗೇಲಿ ಮಾಡ್ದೆ ಬಿಟ್ಟಿದೀರ ಹೇಳು. ಸ್ಟೈನಾರ್ ಹೊಟ್ಟೆ, ಪಾದ್ರಿ ಕಾರು. ಮಾವ ಸತ್ತ ವರ್ಷಾನೂ ಅವರನ್ನ ಬಿಡ್ಲಿಲ್ಲ, ಯೋದಿಸ್ ಅತ್ಕೊಂಡೇ ನಗ್ತಿದ್ಳು. ಮೀನು ಕಾರ್ಖಾನೆಗೆ ಪೋಲೆಂಡಿಂದ ಬಂದೋರನ್ನ ಎರಡನೇ ವರ್ಷಕ್ಕೇ ಆಡ್ಕೊಂಡ್ರಿ, ಅವರು ಕುಣಿದಾಡಿಬಿಟ್ರು. ನನ್ನ ಬಗ್ಗೆ ಒಂದು ಮಾತು? ಹನ್ನೊಂದು ವರ್ಷ ಬೇರೆಯವರ ಮೇಲಿನ ಜೋಕಿಗೆ ಚಪ್ಪಾಳೆ ತಟ್ಟಿದೀನಿ. ಮನೆಗೆ ಬಂದ ನೆಂಟರನ್ನ ಯಾರೂ ಗೇಲಿ ಮಾಡಲ್ಲ. ನಂಗೆ ಅರ್ಥ ಆಗುತ್ತೆ."

ಯೋದಿಸ್ ಜೋಡಿಯಾಗದ ಒಂದು ಕಾಲುಚೀಲ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಚಳಿಗಾಲದ ನಟ್ಟನಡುವೆ, ನಮ್ಮ ಹಳೆಯ ಪಂಚಾಂಗದ ಥೋರಿ ತಿಂಗಳಲ್ಲಿ, ಊರಿನ ದೊಡ್ಡವರೆಲ್ಲ ಸಮುದಾಯ ಭವನದಲ್ಲಿ ಸೇರುತ್ತೇವೆ. ಪ್ರತಿ ಮನೆಯವರೂ ಮರದ ತೊಟ್ಟಿಯಲ್ಲಿ ಹುಳಿಮಾಂಸ, ಕುರಿತಲೆ, ಕೊಳೆಹಾಕಿದ ಶಾರ್ಕ್ ಮೀನು ತರುತ್ತಾರೆ. ಊಟವಾದ ಮೇಲೆ ಆ ವರ್ಷದ ಔತಣ ಸಮಿತಿ ವೇದಿಕೆ ಹತ್ತಿ, ವರ್ಷವಿಡೀ ಊರಿನಲ್ಲಿ ಯಾರು ಯಾರು ಏನೇನು ಎಡವಟ್ಟು ಮಾಡಿಕೊಂಡರೋ ಅದನ್ನೆಲ್ಲ ಆಡಿ ತೋರಿಸುತ್ತದೆ. ಹೆಸರು ಮರೆಮಾಚುವುದಿಲ್ಲ, ಕರುಣೆ ತೋರಿಸುವುದಿಲ್ಲ. ಮಾರನೇ ವರ್ಷದ ಸಮಿತಿಯ ಹೆಸರುಗಳನ್ನು ಅಲ್ಲೇ ಕೂಗುತ್ತಾರೆ, ಗಂಡಹೆಂಡಿರನ್ನು ಜೋಡಿಯಾಗಿ. ಹುಗ್ರೂನ್ ಈ ಊರಿನಲ್ಲೇ ಹುಟ್ಟಿದವಳು. ಅವಳ ಹೆಸರನ್ನೂ ಯಾರೂ ಒಮ್ಮೆಯೂ ಕೂಗಿರಲಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಪ್ರತಿವರ್ಷ ಹೆಸರು ಕೂಗುವ ಹೊತ್ತಿಗೆ ಕೋಟು ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ಈ ವರ್ಷದ ಸಮಿತಿಯಲ್ಲಿ, ಗಂಡ ಸತ್ತ ಮೇಲೆ ಒಂಟಿಯಾಗಿಯೇ, ಯೋದಿಸ್ ಇದ್ದಳು.

ಎರಡು ತಿಂಗಳು ಬೆಟ್ಟದ ಹಿಂದೆ ಅಡಗಿದ್ದ ಸೂರ್ಯ ಮತ್ತೆ ಇಣುಕುವ ದಿನ ನಮ್ಮಲ್ಲಿ ಎಲ್ಲರ ಮನೆಯಲ್ಲೂ ತೆಳ್ಳಗಿನ ಸಿಹಿದೋಸೆ, ಕಾಫಿ. ಆ ದಿನ ತಂಡ ರಾಜಧಾನಿ ರೇಕ್ಯಾವಿಕ್‌ನಲ್ಲಿ ಆಡಲು ಹೋಗಿ ವಾಪಸ್ಸು ಬರುವ ದಾರಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡಿತ್ತು. ಯೋದಿಸ್ ಎರಡು ಕಾವಲಿ ಇಟ್ಟುಕೊಂಡು ದೋಸೆ ಹುಯ್ಯುತ್ತಿದ್ದಳು. ಹುಗ್ರೂನ್ ಸಕ್ಕರೆ ಉದುರಿಸಿ ಸುರುಳಿ ಸುತ್ತುತ್ತಿದ್ದಳು. ಬಿರ್ತಾ ಸುತ್ತಿದ್ದನ್ನು ಸುತ್ತಿದ ಹಾಗೇ ಖಾಲಿ ಮಾಡುತ್ತಿದ್ದಳು.

"ಅಜ್ಜಿ, ಈ ಸಲ ಅಪ್ಪನ್ನ ಆಡ್ಕೊಳ್ಳಿ. ಪ್ಲೀಸ್."

"ಸಮಿತಿ ವಿಷಯ ಮನೇಲಿ ಮಾತಾಡೋ ಹಾಗಿಲ್ಲ."

"ಆಡ್ಕೊಳ್ಳಿಲ್ಲಾಂದ್ರೆ ಅಪ್ಪ ಸೈಪ್ರಸ್‌ಗೆ ಹೋಗ್ಬಿಡ್ತಾನೆ."

"ಅವನು ದೂರದಿಂದ ಬಂದೋನು ಕಂದ. ನೋವಾಗುತ್ತೆ. ಅದಕ್ಕೇ ನಾನು..." ಎಂದವಳು ತಟ್ಟನೆ ನಿಲ್ಲಿಸಿದಳು.

ಹುಗ್ರೂನ್ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. "ಅದಕ್ಕೇ ನೀನು? ಏನು ಮಾಡ್ದೆ ಅಮ್ಮ?"

ಹೇಳದೆ ಗತಿಯಿರಲಿಲ್ಲ. ವೆಂಡೆಲ್ ಬಂದ ಮೊದಲ ವರ್ಷ ಯೋದಿಸ್ ಮತ್ತು ಅವಳ ಗಂಡ ಸಮಿತಿಯಲ್ಲಿದ್ದರು. ತಾಲೀಮಿನ ದಿನ ಸಮಿತಿಯ ಇನ್ನೊಬ್ಬ ಪೆದ್ದ, ಅಮೆರಿಕನ್ನನ ಪಾತ್ರ ಮಾಡುತ್ತೇನೆಂದು, ವೆಂಡೆಲ್‌ನ ಕಪ್ಪು ಮೈಬಣ್ಣ ತೋರಿಸಲು ಮುಖಕ್ಕೆ ಬೂಟ್‌ಪಾಲಿಶ್ ಬಳಿದುಕೊಳ್ಳಲು ಹೊರಟ. ಯೋದಿಸ್ ಆ ಡಬ್ಬಿ ಕಸಿದು ಕಿಟಕಿಯಿಂದ ಆಚೆ ಹಿಮಕ್ಕೆ ಎಸೆದಳು. ಎಸೆದು, ವೆಂಡೆಲ್ ಬಗ್ಗೆ ಯಾರೂ ಯಾವತ್ತೂ ಒಂದು ಜೋಕನ್ನೂ ಮಾಡಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಯೋದಿಸ್ ಮಾತೆಂದರೆ ಊರಿಗೆ ಹೆದರಿಕೆ. ಮುಂದಿನ ಸಮಿತಿ ಹಿಂದಿನ ಸಮಿತಿಯನ್ನು ಕೇಳಿತು, ಅದರ ಮುಂದಿನದು ಇದನ್ನು ಕೇಳಿತು. ಹೀಗೆ ಅದು ಊರಿನ ಕಾನೂನೇ ಆಗಿಹೋಯಿತು.

"ನಾನು ಮಾಡಿದ್ದು ತಪ್ಪಾ?" ಎಂದಳು ಯೋದಿಸ್. ಒಂದು ಕಾವಲಿಯ ದೋಸೆ ಸೀಯುತ್ತಿತ್ತು.

"ಡಬ್ಬಿ ಎಸೆದಿದ್ದು ಸರಿ. ನಾನಾಗಿದ್ರೆ ಆ ಪೆದ್ದನನ್ನೂ ಕಿಟಕಿಯಿಂದ ಎಸೀತಿದ್ದೆ. ಆದ್ರೆ ಡಬ್ಬಿ ಜೊತೆ ನೀನು ವೆಂಡೆಲ್‌ನೂ ಆಚೆ ಹಾಕ್ಬಿಟ್ಟೆ. ನನ್ನೂ ಹಾಕ್ಬಿಟ್ಟೆ. ಗೇಲಿ ಮಾಡಬಾರ್ದವನನ್ನ ಗೇಲಿ ಮಾಡೋ ಸಮಿತಿಗೆ ಯಾರು ಕರೀತಾರೆ? ಇಷ್ಟು ವರ್ಷ ನಮ್ಮನ್ನ ಯಾರೂ ಕರೀಲಿಲ್ಲ. ಇವಳು ಹೊರಗಿನವನನ್ನ ಕಟ್ಕೊಂಡ್ಳು ಅಂತ ಊರು ಮುನಿಸ್ಕೊಂಡಿದೆ ಅಂದ್ಕೊಂಡಿದ್ದೆ ನಾನು. ಊರಲ್ಲ, ನೀನು!"

"ಅವನಿಗೆ ಒಂದು ಮಾತೂ ತಾಗಬಾರ್ದು ಅಂತ ಅಲ್ವೇನೇ?"

"ಒಂದು ಮಾತೂ ತಾಗದೆ ಇರೋಕೆ ಅವನೇನು ಪಿಂಗಾಣಿ ಗೊಂಬೇನಾ? ಮನುಷ್ಯ!"

ಬಿರ್ತಾ ಮೆಲ್ಲಗೆ ಸೀದ ದೋಸೆಯನ್ನು ಎತ್ತಿ ಸಿಂಕಿಗೆ ಹಾಕಿದಳು. ಸೂರ್ಯ ಬೆಟ್ಟದ ಮೇಲೆ ಅರೆಗಳಿಗೆ ಬಂದು ಹೋದನಂತೆ. ಆ ಮನೆಯಲ್ಲಿ ಯಾರೂ ನೋಡಲಿಲ್ಲ.

ಆವತ್ತೇ ಸಂಜೆ ಯೋದಿಸ್ ನನ್ನ ಅಡುಗೆಮನೆಗೆ ಬಂದಳು. ಅವಳ ಕಣ್ಣು ಕೆಂಪಗಿತ್ತು. ಕಾಫಿ ಕೊಟ್ಟರೆ ಮುಟ್ಟಲಿಲ್ಲ.

"ಹುಡುಗಿ ಹೇಳಿದ್ದು ಸರೀನಾ?"

"ಸರಿ," ಎಂದೆ.

"ನಿಂಗೆ ಗೊತ್ತಿದ್ರೆ ಮುಂಚೆನೇ ಹೇಳ್ಬಾರ್ದಿತ್ತಾ?"

"ನಿಂಗೆ ಹೇಳೋ ಧೈರ್ಯ ಈ ಊರಲ್ಲಿ ಯಾರಿಗಿದೆ?"

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಗೇಲಿ ಮಾಡೋಕಾದ್ರೂ ಏನಿದೆ ಅವನಲ್ಲಿ? ಕುಡಿಯಲ್ಲ, ಜಗಳಾಡಲ್ಲ, ಹೇಳದೇನೇ ಹಿಮ ಬಾಚ್ತಾನೆ. ಯೋಚನೆ ಮಾಡಿದ್ರೆ ಒಂದೂ ಸಿಗಲ್ಲ."

ನನಗೆ ನಗು ತಡೆಯಲಾಗಲಿಲ್ಲ. "ನಿಂಗೊಬ್ಬಳಿಗೇ ಸಿಗದೆ ಇರೋದು. ನಾಳೆ ಊರೆಲ್ಲ ಹರಟೆಗೆ ಸೇರೋ ಈಜುಕೊಳದ ಬಿಸಿನೀರ ತೊಟ್ಟೀಲಿ ಕೂತ್ಕೊಂಡು ವೆಂಡೆಲ್ ಬಗ್ಗೆ ಹೇಳ್ರೋ ಅಂತ ಕೇಳು. ಹನ್ನೊಂದು ವರ್ಷದಿಂದ ಜನ ಬಾಯಿ ಬಿಗಿ ಹಿಡ್ಕೊಂಡಿದಾರೆ."

ಅವಳು ಹೋಗಿ ಕೇಳಿದಳು. ನೀರಿನಿಂದ ಎದ್ದು ಬರುವಾಗ ಅವಳ ಬೆರಳೆಲ್ಲ ನೆನೆದು ಸುಕ್ಕುಗಟ್ಟಿತ್ತು, ಅಷ್ಟು ಹೊತ್ತು ಕೂತಿದ್ದಳು.

ಆಮೇಲಿನ ದಿನಗಳಲ್ಲಿ ಹುಗ್ರೂನ್ ತಾಯಿಯ ಜೊತೆ ಉಪ್ಪು ಕೊಡು, ಬೆಣ್ಣೆ ಕೊಡು ಎನ್ನುವಷ್ಟೇ ಮಾತಾಡಿದಳು. ತಂಡ ಊರಲ್ಲೇ ಒಂದು ಆಟ ಸೋತಿತು. ಕೊನೆಯ ಎಸೆತಗಳೆರಡನ್ನೂ ವೆಂಡೆಲ್ ತಪ್ಪಿಸಿದ. ಕ್ರೀಡಾಂಗಣದ ಬಾಗಿಲಲ್ಲಿ ಬರ್ಗರ್ ಸುಡುತ್ತಿದ್ದವರು ಅವನು ಹೊರಬರುವಾಗ ಬೆನ್ನು ತಟ್ಟಿ "ಪರವಾಗಿಲ್ಲ" ಎಂದರು. ಅದೇ ಆಟದಲ್ಲಿ ಎಡವಿದ ನಮ್ಮ ಹುಡುಗನೊಬ್ಬನಿಗೆ ಮಾತ್ರ "ನಿನ್ನಜ್ಜಿ ನಿನಗಿಂತ ಚೆನ್ನಾಗಿ ಓಡ್ತಾಳೆ ಕಣೋ" ಎಂದು ಉಗಿದರು. ವೆಂಡೆಲ್ ಆ ಹುಡುಗನನ್ನು ನೋಡಿದ ರೀತಿಯಲ್ಲಿ ಹೊಟ್ಟೆಕಿಚ್ಚಿತ್ತು. ಮನೆಗೆ ಬಂದು, ಸೈಪ್ರಸ್‌ನವರಿಗೆ ಒಪ್ಪಿಗೆ ಹೇಳಿಬಿಡುತ್ತೇನೆ ಎಂದ. ಔತಣ ಮುಗಿಯುವವರೆಗಾದರೂ ತಡೆ ಎಂದಳು ಹುಗ್ರೂನ್. ಯಾಕೆಂದು ಹೇಳಲಿಲ್ಲ, ತಾಯಿ ಏನು ಮಾಡುತ್ತಾಳೆಂದು ಅವಳಿಗೂ ಗೊತ್ತಿರಲಿಲ್ಲ.

ಔತಣದ ಸಂಜೆ ವೆಂಡೆಲ್ ಕುರಿತಲೆಯ ಕೆನ್ನೆಯ ಮಾಂಸ ಬಿಡಿಸಿ ಹೆಂಡತಿಯ ತಟ್ಟೆಗೆ ಹಾಕುತ್ತಿದ್ದ, ಅವಳಿಗೆ ಅದು ಇಷ್ಟ. ವೇದಿಕೆಯ ಮೇಲೆ ಪಾದ್ರಿಯನ್ನು ಆಡಿಕೊಳ್ಳುವ ಸರದಿ ಮುಗಿಯಿತು, ಬ್ಯಾಂಕಿನವಳದು ಮುಗಿಯಿತು. ಆಮೇಲೆ ಪರದೆಯ ಸಂದಿಯಿಂದ ಯೋದಿಸ್ ಬಂದಳು. ಮೈಮೇಲೆ ಮೊಣಕಾಲು ದಾಟುವ ವೆಂಡೆಲ್‌ನ ಜೆರ್ಸಿ, ಮಂಡಿಗೆ ದಿಂಬು, ಕಾಲಿಗೆ ಕಟ್ಟಿದ ಮೀನಿನ ಕ್ರೇಟುಗಳು. ಅವುಗಳ ಮೇಲೆ ನಿಂತರೂ ಅವಳು ವೆಂಡೆಲ್‌ನ ಎದೆಗೆ ಬರುವಷ್ಟೇ. ಮುಖ ಅವಳದೇ ಮುಖ. ಜನ ವೇದಿಕೆ ನೋಡುವುದನ್ನು ಬಿಟ್ಟು ವೆಂಡೆಲ್‌ನನ್ನು ನೋಡಿದರು.

ಅವಳು ಕುಂಟುತ್ತ ಒಂದು ಬಾಗಿಲು ತಟ್ಟಿದಳು. ಸ್ಟೈನಾರ್‌ನ ಪಾತ್ರದವನು ತೆರೆದ. ಅವನ ಕೈ ಹಿಡಿದು ಕುಲುಕಿ, ಅಳಿಯನದೇ ತಡವರಿಸುವ ಮಾತಿನಲ್ಲಿ, "ಎಲ್ಲಕ್ಕೂ ಥ್ಯಾಂಕ್ಸ್ ಗೆಳೆಯ. ನಾನು ಹೊರಟೆ. ಮತ್ತೆ ಸಿಗ್ತೀವೋ ಇಲ್ವೋ," ಎಂದಳು. ಎರಡನೇ ಬಾಗಿಲು, ಅದೇ ಕೈಕುಲುಕು, ಅದೇ ಮಾತು. ಮೂರನೆಯದರಲ್ಲಿ ಅಪ್ಪುಗೆ, ಮೂಗು ಒರೆಸಿಕೊಳ್ಳುವುದು. ಮರುಕ್ಷಣವೇ ಅಂಗಡಿಯಲ್ಲಿ ಹಾಲು ಕೊಳ್ಳುತ್ತ ಅದೇ ಮೂವರಿಗೂ ಎದುರಾಗಿ, "ಓ, ನಮಸ್ಕಾರ!"

ಯಾರಿಗೂ ತಡೆಯಲಾಗಲಿಲ್ಲ. ಏಕೆಂದರೆ ಅದು ನಿಜ. ಪ್ರತಿ ಏಪ್ರಿಲ್‌ನಲ್ಲಿ ಕರಾರು ಮುಗಿದ ದಿನ ವೆಂಡೆಲ್ ಮನೆಮನೆಗೆ ಹೋಗಿ ವಿದಾಯ ಹೇಳುತ್ತಾನೆ. ಮದುವೆಯಾದ ವರ್ಷವೂ ಹೇಳಿದ, ಬಿರ್ತಾ ಹುಟ್ಟಿದ ವರ್ಷವೂ ಹೇಳಿದ. ಎಲ್ಲಿಗೂ ಹೋಗುವುದಿಲ್ಲ. ನಾವು ಗಂಭೀರವಾಗಿ ಕೈಕುಲುಕಿ, ಬಾಗಿಲು ಹಾಕಿಕೊಂಡು, ಆಮೇಲೆ ಬಿದ್ದು ಬಿದ್ದು ನಗುತ್ತಿದ್ದೆವು. ಆ ನಗುವೆಲ್ಲ ಈಗ ಒಟ್ಟಿಗೆ ಕಟ್ಟೆಯೊಡೆಯಿತು. ಕೊನೆಯ ಬಾಗಿಲು ಯೋದಿಸ್‌ಳ ಸ್ವಂತ ಮನೆಯದು. ಈ ವರ್ಷದ ಸಮಿತಿಯಲ್ಲೇ ಇದ್ದ ಪಾದ್ರಿ ತಲೆಗೆ ಸ್ಕಾರ್ಫು ಸುತ್ತಿ ಅತ್ತೆಯಾಗಿ ನಿಂತಿದ್ದ. "ನಾನು ಹೊರಟೆ. ಮತ್ತೆ ಸಿಗ್ತೀವೋ ಇಲ್ವೋ," ಎಂದಳು ಯೋದಿಸ್. "ಹೋಗೋ ದಾರೀಲಿ ಈ ಕಸ ಹಾಕ್ಬಿಡು," ಎಂದ ಪಾದ್ರಿ. "ಬೇಗ ಬಾ, ಮೀನು ಆರಿಹೋಗುತ್ತೆ."

ಮೇಜುಗಳು ಕುಣಿಯುವಂತೆ ಜನ ಗುದ್ದಿದರು. ವೆಂಡೆಲ್ ನಗಲಿಲ್ಲ. ಎದ್ದು, ಯಾರನ್ನೂ ನೋಡದೆ ಹೊರಗೆ ಹೋದ. ವೇದಿಕೆಯ ಮೇಲೆ ಯೋದಿಸ್ ಅವನು ಹೋದ ಬಾಗಿಲನ್ನೇ ನೋಡುತ್ತಿದ್ದಳು. ಹುಗ್ರೂನ್ ಅವನ ಹಿಂದೆ ಓಡಿದಳು, ಅವಳ ಕೋಟು ಹಿಡಿದು ನಾನೂ ಓಡಿದೆ.

ಅವನು ಮೆಟ್ಟಿಲ ಮೇಲೆ ನಿಂತಿದ್ದ. "ಎಲ್ಲರೂ ನೋಡಿದ್ರಾ? ಪ್ರತಿ ವರ್ಷ?"

"ಪ್ರತಿ ವರ್ಷ," ಎಂದಳು ಹುಗ್ರೂನ್. "ನೀನು ರಸ್ತೆ ತಿರುಗೋದು ಕಂಡ್ರೆ ಸ್ಟೈನಾರ್ ಹೆಂಡ್ತಿ ಕಾಫಿಗೆ ನೀರಿಡ್ತಿದ್ಳು."

"ಯಾರೂ ಹೇಳ್ಲಿಲ್ಲ."

"ಅಮ್ಮ ಬೇಡ ಅಂದಿದ್ಳು," ಎಂದು ಅವಳು ಆ ಡಬ್ಬಿಯ ಕಥೆ ಹೇಳಿದಳು. ಅವನು ಪೂರ್ತಿ ಕೇಳಿದ. ಅವನ ಕಣ್ಣಲ್ಲಿ ನೀರಿತ್ತು, ಅದು ಚಳಿಗೆ ಬಂದದ್ದಲ್ಲ.

"ನನ್ನನ್ನ ಆಚೆ ಇಟ್ಟಿದ್ದು ನಿಮ್ಮಮ್ಮ ಒಬ್ಬಳೇ ಅಲ್ಲ," ಎಂದ ಕೊನೆಗೆ. "ಬೀಗ ಬದಲಾಯಿಸೋಕೆ ಮುಂಚೆ ನಾನೇ ಹೊರಟುಬಿಡ್ಬೇಕು ಅಂತ ಇತ್ತು ನಂಗೆ. ಇಲ್ಲಿ ಯಾರೂ ಬೀಗಾನೇ ಹಾಕಲ್ಲ."

ಒಳಗೆ ಹೆಸರು ಕೂಗುತ್ತಿದ್ದರು. ನಾವು ಬಾಗಿಲು ತೆರೆಯುವ ಹೊತ್ತಿಗೆ ಯೋದಿಸ್ ಅದೇ ಜೆರ್ಸಿಯಲ್ಲಿ, ದಿಂಬು ಕಣಕಾಲಿಗೆ ಜಾರಿದ್ದರೂ ಲೆಕ್ಕಿಸದೆ, ಗಂಟಲು ಹರಿದುಕೊಂಡು ಓದುತ್ತಿದ್ದಳು. "ಮುಂದಿನ ವರ್ಷದ ಸಮಿತಿ! ಹುಗ್ರೂನ್ ಮತ್ತು ವೆಂಡೆಲ್!" ನಮ್ಮಲ್ಲಿ ಹೆಸರು ಬಂದವರು ಎದ್ದು ನಿಲ್ಲಬೇಕು. ಅವರಿಬ್ಬರೂ ಆಗಲೇ ಬಾಗಿಲಲ್ಲಿ ನಿಂತಿದ್ದರು. ಸ್ಟೈನಾರ್ ಕೂಗಿದ, "ಈ ಸಲ ಏಪ್ರಿಲ್‌ನಲ್ಲಿ ಬಂದ್ರೆ ಬಾಗಿಲು ತೆಗೆಯಲ್ಲ ಕಣೋ!" ಹುಗ್ರೂನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಮಾರನೇ ಮಧ್ಯಾಹ್ನ ನಾನು ಕಾಫಿಗೆ ಹೋದಾಗ ವೆಂಡೆಲ್ ಆಲೂಗೆಡ್ಡೆ ಸುಲಿಯುತ್ತಿದ್ದ. ಫೋನು ಮೇಜಿನ ಮೇಲಿತ್ತು, ಅದರೊಳಗಿಂದ ಏಜೆಂಟ್ ಲೈಲ್ ಎಲ್ಲರಿಗೂ ಕೇಳುವಂತೆ ಕಿರುಚುತ್ತಿದ್ದ. ಯೋದಿಸ್ ಬೆನ್ನು ತಿರುಗಿಸಿ ಒಲೆಯ ಮುಂದೆ ನಿಂತಿದ್ದಳು. ಹುಗ್ರೂನ್ ತಾಯಿಯ ಬಟ್ಟಲಿಗೆ ಕಾಫಿ ಬಗ್ಗಿಸಿ, ಸಕ್ಕರೆ ಹಾಕಿ, ಕಲಸಿಯೂ ಇಟ್ಟಳು.

"ಬರಲ್ವಾ? ಎರಡು ವರ್ಷದ ಕರಾರು ಯಾರು ಬೇಡ ಅಂತಾರೆ ನಿನ್ನ ವಯಸ್ಸಲ್ಲಿ? ಏನಾಯ್ತು ಅಲ್ಲಿ?" ಎಂದ ಲೈಲ್.

"ನಿನ್ನೆ ಊರವರೆಲ್ಲ ಸೇರಿ ನನ್ನನ್ನ ಗೇಲಿ ಮಾಡಿದ್ರು," ಎಂದ ವೆಂಡೆಲ್. "ನನ್ನ ಅತ್ತೆನೇ ಶುರು ಮಾಡಿದ್ಳು. ನನ್ನ ಮಾತು, ನನ್ನ ಕುಂಟು, ಎಲ್ಲ. ಇಡೀ ಭವನ ಬಿದ್ದು ಬಿದ್ದು ನಗ್ತು."

ಲೈಲ್‌ನ ದನಿ ಮೆತ್ತಗಾಯಿತು. "ಪಾಪ, ನೋಡು. ಇಷ್ಟು ವರ್ಷ ಅವರಿಗೋಸ್ಕರ ಆಡಿದ್ದಕ್ಕೆ ಇದಾ ಅವರು ಕೊಡೋದು? ಇವತ್ತೇ ಟಿಕೆಟ್ ಮಾಡಿಸ್ತೀನಿ ವೆಂಡೆಲ್. ಒಂದು ಗಳಿಗೇನೂ ಅಲ್ಲಿರ್ಬೇಡ."

ವೆಂಡೆಲ್ ಆಲೂಗೆಡ್ಡೆಯನ್ನು ನೀರಿಗೆ ಹಾಕಿದ. ಒಲೆಯ ಮುಂದಿದ್ದ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ, ಅಳತೆ ತೆಗೆದುಕೊಳ್ಳುವ ದರ್ಜಿಯ ಹಾಗೆ ನೋಡಿದ.

"ಆಗಲ್ಲ ಲೈಲ್," ಎಂದ. "ಮುಂದಿನ ವರ್ಷ ನನ್ನ ಸರದಿ."